ಅನುದಾನ ಮುಗಿದ ಮೇಲೆ ಉಳಿಯುವುದೇನು? ಎರಡು ಹವಳದ ದ್ವೀಪಗಳ ಇತಿಹಾಸ

ಹೊರನಾಡಿನಲ್ಲಿ ಸಂಘವೊಂದನ್ನು ನಡೆಸುವವರಿಗೆ ‘ಅನುದಾನ’ ಎಂಬ ಪದದ ಸಿಹಿಯೂ ಕಹಿಯೂ ಚೆನ್ನಾಗಿ ಗೊತ್ತು. ಮಕ್ಕಳ ಕನ್ನಡ ಶಾಲೆಗೆಂದೋ ಹಿರಿಯರ ಆರೋಗ್ಯ ಶಿಬಿರಕ್ಕೆಂದೋ ಅರ್ಜಿ ಬರೆಯುತ್ತೇವೆ. ಹಣ ಮಂಜೂರಾದರೆ ಸಂತೋಷಪಡುತ್ತೇವೆ. ವರ್ಷ ಕಳೆಯುತ್ತದೆ, ಲೆಕ್ಕಪತ್ರ ಒಪ್ಪಿಸುತ್ತೇವೆ, ಹಣ ಮುಗಿಯುತ್ತದೆ. ಆಗ ಏಳುವ ಪ್ರಶ್ನೆ ಒಂದೇ: ಹಣದೊಂದಿಗೆ ಕೆಲಸವೂ ಮುಗಿಯಿತೇ, ಅಥವಾ ಯಾರದಾದರೂ ಕೈಯಲ್ಲಿ ಅದು ಬೇರುಬಿಟ್ಟು ಉಳಿಯಿತೇ?

ಈ ಪ್ರಶ್ನೆಗೆ ಫಿಲಿಪ್ಪೀನ್ಸ್ ದೇಶದ ಎರಡು ಪುಟ್ಟ ದ್ವೀಪಗಳು ಸುಮಾರು ಅರ್ಧ ಶತಮಾನದಿಂದ ಉತ್ತರ ಹೇಳುತ್ತಿವೆ. ಒಂದರ ಹೆಸರು ಸುಮಿಲೋನ್, ಇನ್ನೊಂದರ ಹೆಸರು ಅಪೋ. ಎರಡೂ ಒಂದೇ ಸಮುದ್ರಪ್ರದೇಶದಲ್ಲಿವೆ. ಎರಡರ ಸುತ್ತಲೂ ಹವಳದ ದಿಬ್ಬಗಳಿವೆ. ಎರಡನ್ನೂ ಕಾಪಾಡಲು ಮುಂದಾದದ್ದು ಒಂದೇ ವಿಶ್ವವಿದ್ಯಾಲಯ, ಒಬ್ಬನೇ ವಿಜ್ಞಾನಿಯ ಮುಂದಾಳುತನ. ಆದರೂ ಎರಡರ ಇತಿಹಾಸ ಬೇರೆ ಬೇರೆ ದಾರಿ ಹಿಡಿಯಿತು. ವೈದ್ಯವೃತ್ತಿಯಲ್ಲಿರುವ ನನ್ನ ಗಮನವನ್ನು ಈ ಇತಿಹಾಸ ಸೆಳೆದದ್ದು ಇದೇ ಕಾರಣಕ್ಕೆ. ಒಂದೇ ಕಾಯಿಲೆಯ ಇಬ್ಬರು ರೋಗಿಗಳು, ಒಂದೇ ಔಷಧ, ಎರಡು ಬಗೆಯ ಫಲ ಎಂದಾದರೆ ವ್ಯತ್ಯಾಸ ಎಲ್ಲಿತ್ತು ಎಂದು ಕೇಳದಿರಲು ನಮ್ಮ ವೃತ್ತಿಯವರಿಗೆ ಸಾಧ್ಯವಿಲ್ಲ.

ಹವಳದ ದಿಬ್ಬವೆಂಬ ಉಗ್ರಾಣ

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕ ಕುಟುಂಬಗಳು ಶಾಲಾ ರಜೆಯಲ್ಲಿ ಕೇರ್ನ್ಸ್‌ಗೆ ಹೋಗಿ ಗ್ರೇಟ್ ಬ್ಯಾರಿಯರ್ ರೀಫ್ ನೋಡಿ ಬಂದಿವೆ. ಅಲ್ಲಿ ನಮ್ಮ ಕಣ್ಣಿಗೆ ಬೀಳುವುದು ಬಣ್ಣ ಮತ್ತು ಬೆರಗು. ಆದರೆ ಉಷ್ಣವಲಯದ ಕೋಟ್ಯಂತರ ಬಡ ಮೀನುಗಾರರಿಗೆ ಹವಳದ ದಿಬ್ಬವೆಂದರೆ ಉಗ್ರಾಣ. ಅತಿ ಸಣ್ಣ ಜೀವಿಗಳು ತಲೆಮಾರುಗಳ ಕಾಲ ಸುಣ್ಣದ ಗೂಡು ಕಟ್ಟುತ್ತಾ ಬೆಳೆಸಿದ ಈ ದಿಬ್ಬಗಳು ಸಾಗರತಳದ ನೂರಕ್ಕೆ ಒಂದು ಪಾಲನ್ನೂ ಆವರಿಸಿಲ್ಲ. ಆದರೂ ಸಮುದ್ರದಲ್ಲಿ ವಾಸಿಸುವ ಜೀವಪ್ರಭೇದಗಳಲ್ಲಿ ಸುಮಾರು ಕಾಲುಭಾಗ ಇವನ್ನು ಆಶ್ರಯಿಸಿವೆ ಎಂದು ವಿಜ್ಞಾನಿಗಳು ಅಂದಾಜಿಸುತ್ತಾರೆ. ಮೀನು ಮೊಟ್ಟೆಯಿಡುವುದು, ಮರಿಗಳು ಅಡಗುವುದು, ದೊಡ್ಡ ಮೀನು ಬೇಟೆಯಾಡುವುದು ಎಲ್ಲವೂ ಇಲ್ಲಿಯೇ. ದಿಬ್ಬ ಮುರಿದರೆ ಮೀನು ಹೋಗುತ್ತದೆ. ಮೀನು ಹೋದರೆ ದಡದ ಮನೆಯ ಮಗುವಿನ ತಟ್ಟೆಯಿಂದ ಮೊದಲು ಕಾಣೆಯಾಗುವುದು ಪ್ರೋಟೀನು.

ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ಫಿಲಿಪ್ಪೀನ್ಸ್‌ನಲ್ಲಿ ಈ ಉಗ್ರಾಣ ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಬೇಗಬೇಗನೆ ಬರಿದಾಯಿತು. ಯುದ್ಧ ಮುಗಿದ ಮೇಲೆ ಉಳಿದುಹೋದ ಸಿಡಿಮದ್ದು ಮೀನು ಹಿಡಿಯುವ ಸಾಧನವಾಯಿತು. ನೀರಿನಲ್ಲಿ ಒಂದು ಸ್ಫೋಟವಾದರೆ ಸತ್ತ ಮೀನು ತೇಲುತ್ತದೆ, ಜೊತೆಗೆ ಹವಳವೂ ಪುಡಿಯಾಗುತ್ತದೆ. ಅಲಂಕಾರಿಕ ಮೀನುಗಳ ವ್ಯಾಪಾರ ಬೆಳೆದಂತೆ ಸೈನೈಡ್ ವಿಷವೂ ಬಂತು. ಜಪಾನೀ ಮೀನುಗಾರರಿಂದ ಬಂದ ‘ಮುರೋ-ಆಮಿ’ ಪದ್ಧತಿಯಲ್ಲಿ ಸಾಲಾಗಿ ಈಜುವ ಹುಡುಗರು ಹಗ್ಗಕ್ಕೆ ಕಟ್ಟಿದ ಕಲ್ಲುಗಳಿಂದ ಹವಳವನ್ನು ಬಡಿಯುತ್ತಾ ಮೀನುಗಳನ್ನು ಹೆದರಿಸಿ ಬಲೆಗೆ ಅಟ್ಟುತ್ತಿದ್ದರು. ಸಣ್ಣ ಕಣ್ಣಿನ ಬಲೆಗಳು ಮರಿಮೀನನ್ನೂ ಬಿಡಲಿಲ್ಲ. 1981ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯೊಂದರ ಪ್ರಕಾರ ಪರಿಶೀಲಿಸಿದ ಹವಳದ ದಿಬ್ಬಗಳಲ್ಲಿ ಅತ್ಯುತ್ತಮ ಸ್ಥಿತಿಯಲ್ಲಿ ಉಳಿದಿದ್ದವು ನೂರಕ್ಕೆ 5 ಅಥವಾ 6 ಮಾತ್ರ.

ಸಿಡಿಮದ್ದಿಗೆ ಕೈಹಾಕಿದ ಮೀನುಗಾರನನ್ನು ದೂರದಿಂದ ಖಳನಾಯಕನೆಂದು ಕರೆಯುವುದು ಸುಲಭ. ಆದರೆ ಅವನು ಬಿಟ್ಟ ಮೀನನ್ನು ಪಕ್ಕದ ದೋಣಿಯವನು ಹಿಡಿಯುತ್ತಾನೆ ಎಂಬುದು ಅವನ ನಿತ್ಯದ ಅನುಭವ. ಸಮುದ್ರ ಎಲ್ಲರದು ಎಂದಾಗ ನಾಳೆಗೆಂದು ಉಳಿಸುವ ಹೊಣೆ ಯಾರದೂ ಆಗುವುದಿಲ್ಲ. ಬಡತನ ಈ ಲೆಕ್ಕಾಚಾರವನ್ನು ಇನ್ನಷ್ಟು ಕಠಿಣಗೊಳಿಸುತ್ತದೆ.

ಸುಮಿಲೋನ್: ಹತ್ತು ವರ್ಷದ ಪ್ರಯೋಗ

ಈ ಸಂದರ್ಭದಲ್ಲಿ ಮುಂದೆ ಬಂದವರು ಜೀವವಿಜ್ಞಾನಿ ಏಂಜಲ್ ಆಲ್ಕಾಲ. 1929ರಲ್ಲಿ ಹುಟ್ಟಿದ ಅವರು ಸಮುದ್ರತೀರದ ಬಡತನವನ್ನು ಬಾಲ್ಯದಿಂದಲೇ ಬಲ್ಲವರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಮೇಲೂ ಅವರು ನೆಗ್ರೋಸ್ ದ್ವೀಪದ ಡುಮಗೆಟೆ ನಗರದ ಸಿಲ್ಲಿಮನ್ ವಿಶ್ವವಿದ್ಯಾಲಯದಲ್ಲಿಯೇ ತಮ್ಮ ಜೀವಮಾನದ ಕೆಲಸ ಮಾಡಿದರು. ಆ ವಿಶ್ವವಿದ್ಯಾಲಯದ ಹುಟ್ಟೇ ಒಂದು ದಾನದ ಕಥೆ. ನ್ಯೂಯಾರ್ಕ್ ರಾಜ್ಯದ ವ್ಯಾಪಾರಿ ಹೊರೇಸ್ ಸಿಲ್ಲಿಮನ್ ಎಂಬವರು ಕೊಟ್ಟ 10,000 ಡಾಲರ್‌ಗಳಿಂದ 1901ರಲ್ಲಿ ಆರಂಭವಾದ ಶಾಲೆ ಅದು.

1974ರಲ್ಲಿ ಸೆಬು ದ್ವೀಪದ ಆಗ್ನೇಯಕ್ಕಿರುವ ಸುಮಿಲೋನ್‌ನ ಹವಳದ ದಿಬ್ಬದಲ್ಲಿ ಸುಮಾರು ಕಾಲುಭಾಗವನ್ನು ಮೀನುಗಾರಿಕೆಗೆ ಮುಚ್ಚಲಾಯಿತು. ವಿಶ್ವವಿದ್ಯಾಲಯವೂ ಓಸ್ಲೋಬ್ ಪಟ್ಟಣದ ಸ್ಥಳೀಯ ಆಡಳಿತವೂ ಸೇರಿ ಮಾಡಿದ ಏರ್ಪಾಡು ಇದು. ಉಳಿದ ಮುಕ್ಕಾಲು ಭಾಗದಲ್ಲಿ ಮೀನುಗಾರರು ಬಿದಿರಿನ ಬೋನು, ಗಾಳ, ಬಲೆಗಳಿಂದ ಎಂದಿನಂತೆ ಮೀನು ಹಿಡಿಯಬಹುದಿತ್ತು. ಮುಚ್ಚಿದ ಭಾಗದಲ್ಲಿ ಮೀನು ಬೆಳೆದು, ತುಂಬಿ, ಹೊರಗೆ ಹರಿದು ಬಂದೀತು ಎಂಬುದು ವಿಜ್ಞಾನಿಗಳ ನಿರೀಕ್ಷೆ. ನಮ್ಮ ಹಳ್ಳಿಗಳಲ್ಲಿ ದೇವರ ಕಾಡನ್ನು ಕಡಿಯದೆ ಬಿಟ್ಟರೆ ಕೆಳಗಿನ ತೊರೆ ಬತ್ತುವುದಿಲ್ಲ ಎಂದು ಹಿರಿಯರು ನಂಬಿದ್ದರಲ್ಲ, ಹೆಚ್ಚುಕಡಿಮೆ ಅದೇ ತರ್ಕ.

ನಿರೀಕ್ಷೆ ಹುಸಿಯಾಗಲಿಲ್ಲ. ಹತ್ತು ವರ್ಷಗಳಲ್ಲಿ ಹೊರಭಾಗದ ಇಳುವರಿ ಏರುತ್ತಾ ಹೋಯಿತು. ಆದರೆ ಅಷ್ಟರಲ್ಲಿ ಸ್ಥಳೀಯ ರಾಜಕೀಯ ನಾಯಕತ್ವ ಬದಲಾಗಿತ್ತು. ಈ ನಿರ್ಬಂಧ ತಮ್ಮದಲ್ಲ, ಹೊರಗಿನ ವಿಶ್ವವಿದ್ಯಾಲಯದವರು ತಮ್ಮ ಸಮುದ್ರಕ್ಕೆ ಹಾಕಿದ ಬೀಗ ಎಂಬ ಭಾವನೆ ಬೆಳೆಯಿತು. 1984ರಲ್ಲಿ ರಕ್ಷಣೆ ಕುಸಿದುಬಿತ್ತು. ಸಿಡಿಮದ್ದು ಮತ್ತು ಮುರೋ-ಆಮಿ ಬಲೆಗಳು ಅಭಯವಲಯದೊಳಗೆ ನುಗ್ಗಿದವು.

ಮುಂದೆ ಆದದ್ದು ವಿಜ್ಞಾನಕ್ಕೆ ಒಂದು ಅಪರೂಪದ ಸಾಕ್ಷ್ಯ ಒದಗಿಸಿತು. ಸಾಮಾನ್ಯ ಬುದ್ಧಿಗೆ ತೋರುವುದು ಹೀಗೆ: ಮೊದಲು ಮುಕ್ಕಾಲು ಭಾಗದಲ್ಲಿ ಮಾತ್ರ ಮೀನು ಹಿಡಿಯಲು ಅವಕಾಶವಿತ್ತು, ಈಗ ಪೂರ್ತಿ ದಿಬ್ಬ ತೆರೆದಿದೆ, ಆದ್ದರಿಂದ ಹೆಚ್ಚು ಮೀನು ಸಿಗಬೇಕು. ನಡೆದದ್ದು ಇದಕ್ಕೆ ಪೂರ್ತಿ ವಿರುದ್ಧ. ಆಲ್ಕಾಲ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿ ಗ್ಯಾರಿ ರಸ್ 1990ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ರಕ್ಷಣೆ ಕುಸಿದ ಎರಡು ವರ್ಷಗಳೊಳಗೆ ಒಟ್ಟು ಇಳುವರಿ ಶೇಕಡ 54ರಷ್ಟು ಇಳಿಯಿತು. ಹೆಚ್ಚು ಜಾಗ ತೆರೆದಾಗ ದೊರೆತದ್ದು ಅರ್ಧಕ್ಕಿಂತ ಕಡಿಮೆ ಮೀನು.

ವೈದ್ಯಶಾಸ್ತ್ರದಲ್ಲಿ ಔಷಧ ಕೊಟ್ಟಾಗ ರೋಗಿ ಚೇತರಿಸಿಕೊಂಡರೆ ಅದು ಕಾಕತಾಳೀಯ ಇರಬಹುದು ಎಂದು ಸಂದೇಹ ಉಳಿಯುತ್ತದೆ. ಔಷಧ ನಿಲ್ಲಿಸಿದಾಗ ರೋಗ ಮರುಕಳಿಸಿದರೆ ಆ ಸಂದೇಹ ಬಹಳ ಮಟ್ಟಿಗೆ ಕರಗುತ್ತದೆ. ಸುಮಿಲೋನ್‌ನಲ್ಲಿ ಆದದ್ದು ಅದೇ. ಅಭಯವಲಯದ ಔಷಧ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಅದರ ವೈಫಲ್ಯವೇ ಪುರಾವೆಯಾಯಿತು. ಜೊತೆಗೆ ಇನ್ನೊಂದು ಕಟುಸತ್ಯವೂ ಹೊರಬಿತ್ತು: ದೊಡ್ಡ ಮೀನುಗಳು ಮರಳಿ ತುಂಬಲು ವರ್ಷಗಟ್ಟಲೆ ಕಾಯಬೇಕು, ಆದರೆ ಆ ಗಳಿಕೆಯನ್ನೆಲ್ಲ ಕಳೆದುಕೊಳ್ಳಲು ಒಂದೆರಡು ವರ್ಷ ಸಾಕು. ಆನಂತರದ ವರ್ಷಗಳಲ್ಲಿ ಸುಮಿಲೋನ್‌ಗೆ ರಕ್ಷಣೆ ಬರುತ್ತಲೂ ಹೋಗುತ್ತಲೂ ಇತ್ತು.

ಅಪೋ: ಹದಿನಾಲ್ಕು ಕುಟುಂಬಗಳಿಂದ ಇಡೀ ಊರಿಗೆ

ಅಪೋ ದ್ವೀಪ ನೆಗ್ರೋಸ್‌ನ ಆಗ್ನೇಯ ತುದಿಗೆ ಸಮೀಪ, ದೋಣಿಯಲ್ಲಿ ಹೋಗಬಹುದಾದಷ್ಟು ದೂರದಲ್ಲಿದೆ. ನೆಲದ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗಿಂತ ಕಡಿಮೆ. 1980ರ ದಶಕದಲ್ಲಿ ಅಲ್ಲಿದ್ದ ಜನ ಸುಮಾರು 500, ಬಹುತೇಕ ಎಲ್ಲರೂ ಮೀನುಗಾರ ಕುಟುಂಬದವರು. ಆ ಹೊತ್ತಿಗೆ ದ್ವೀಪದ ಸುತ್ತಲಿನ ಮೀನು ಕ್ಷೀಣಿಸಿ, ಅನೇಕರು ದೋಣಿ ಹಾಯಿಸಿಕೊಂಡು ದೂರದೂರಕ್ಕೆ ಹೋಗಬೇಕಾಗಿತ್ತು.

1979ರಲ್ಲಿ ಆಲ್ಕಾಲ ಮತ್ತು ಅವರ ಸಹೋದ್ಯೋಗಿಗಳು ಅಪೋಗೆ ಬಂದರು. ಈ ಬಾರಿ ಅವರು ಮೊದಲು ಮಾಡಿದ್ದು ಮಾತುಕತೆ. ಮೀನುಗಾರರನ್ನು ಸುಮಿಲೋನ್‌ಗೆ ಕರೆದೊಯ್ದು ಅಭಯವಲಯದೊಳಗಿನ ಮೀನಿನ ಸಮೃದ್ಧಿಯನ್ನು ತೋರಿಸಿದರು. ಉಪನ್ಯಾಸದಿಂದ ಆಗದ್ದು ಕಣ್ಣಾರೆ ಕಂಡಾಗ ಆಗುತ್ತದೆ. ಆದರೂ ಊರು ಒಮ್ಮೆಲೇ ಒಪ್ಪಲಿಲ್ಲ. ಮೂರು ವರ್ಷಗಳ ಮಾತುಕತೆಯ ನಂತರ, 1982ರಲ್ಲಿ ಹದಿನಾಲ್ಕು ಕುಟುಂಬಗಳು ಮುಂದೆ ಬಂದು, ದ್ವೀಪದ ಆಗ್ನೇಯ ದಡದಲ್ಲಿ ಸುಮಾರು 450 ಮೀಟರ್ ಉದ್ದದ ಭಾಗವನ್ನು ಮೀನು ಹಿಡಿಯದ ವಲಯವೆಂದು ಬಿಟ್ಟುಕೊಟ್ಟವು. ಅದು ಇಡೀ ದಿಬ್ಬದ ಸುಮಾರು ಹತ್ತನೆಯ ಒಂದು ಭಾಗ. ಆಗ ಅದಕ್ಕೆ ಕಾನೂನಿನ ಬಲವಿರಲಿಲ್ಲ. ಇದ್ದದ್ದು ಊರವರ ಮಾತು, ಮತ್ತು ಸರದಿಯಲ್ಲಿ ಕಾವಲು ಕೂರುವ ಒಬ್ಬಿಬ್ಬರು.

ಅನುದಾನದ ಪ್ರವೇಶವಾದದ್ದು ಇಲ್ಲಿ, ಈ ಹಂತದಲ್ಲಿ. 1984ರಿಂದ 1986ರವರೆಗೆ ಏಷ್ಯಾ ಫೌಂಡೇಶನ್‌ನ ನೆರವಿನಿಂದ ಸಿಲ್ಲಿಮನ್ ವಿಶ್ವವಿದ್ಯಾಲಯ ಸಾಗರ ಸಂರಕ್ಷಣೆ ಮತ್ತು ಅಭಿವೃದ್ಧಿಯ ಕಾರ್ಯಕ್ರಮವೊಂದನ್ನು ನಡೆಸಿತು. ಅಪೋ ಜೊತೆಗೆ ಪಮಿಲಾಕನ್ ಮತ್ತು ಬಲಿಕಾಸಾಗ್ ಎಂಬ ಇನ್ನೆರಡು ದ್ವೀಪಗಳೂ ಅದರಲ್ಲಿದ್ದವು. ಸಮುದಾಯ ಕಾರ್ಯಕರ್ತರು ದ್ವೀಪದಲ್ಲಿಯೇ ವಾಸವಿದ್ದು ಜನರೊಂದಿಗೆ ಬೆರೆತರು. ಹವಳ ಎಷ್ಟಿದೆ, ಮೀನು ಎಷ್ಟಿದೆ, ಮನೆಗಳ ಆದಾಯ ಎಷ್ಟು ಎಂಬ ಆರಂಭಿಕ ಲೆಕ್ಕ ತೆಗೆದರು. ಊರವರೇ ಇರುವ ಸಾಗರ ನಿರ್ವಹಣಾ ಸಮಿತಿ ರೂಪುಗೊಂಡಿತು. ಸಭೆ ಸೇರಲು, ಕಲಿಯಲು ಒಂದು ಸಮುದಾಯ ಕೇಂದ್ರ ಎದ್ದುನಿಂತಿತು. 1985ರ ಹೊತ್ತಿಗೆ ಇಡೀ ದ್ವೀಪ ಒಪ್ಪಿತು. ದಾವಿನ್ ಪಟ್ಟಣದ ಆಡಳಿತದ ಮೂಲಕ ನಿಯಮಕ್ಕೆ ಕಾನೂನಿನ ಮುದ್ರೆ ಬಿತ್ತು. ಅಭಯವಲಯದಲ್ಲಿ ಮೀನು ಹಿಡಿಯುವಂತಿಲ್ಲ. ದ್ವೀಪದ ಸುತ್ತ ಎಲ್ಲಿಯೂ ಸಿಡಿಮದ್ದು, ಸೈನೈಡ್, ಮುರೋ-ಆಮಿ, ಸಣ್ಣ ಕಣ್ಣಿನ ಬಲೆ ಬಳಸುವಂತಿಲ್ಲ. ಈ ನಿಯಮವನ್ನು ಕಾಯುವವರು ಸ್ಥಳೀಯ ಭಾಷೆಯಲ್ಲಿ ‘ಬಂತಾಯ್ ದಾಗಾತ್’, ಅಂದರೆ ಕಡಲ ಕಾವಲಿನವರು. ಅವರು ಅದೇ ಊರಿನವರು.

ಈ ಅನುಕ್ರಮವನ್ನು ಗಮನಿಸಬೇಕು. ಮೊದಲು ಮಾತು, ಬಳಿಕ ಕೆಲವರ ನಿರ್ಧಾರ, ಆಮೇಲೆ ಹಣ, ಕೊನೆಯಲ್ಲಿ ಕಾನೂನು. ಹಣ ಬಂದಾಗ ಕೆಲಸ ಆಗಲೇ ಆರಂಭವಾಗಿತ್ತು. ಹಣ ಆ ಕೆಲಸಕ್ಕೆ ಕಾಲಾವಕಾಶವನ್ನೂ ಕಲಿಕೆಯನ್ನೂ ಕೊಂಡುಕೊಟ್ಟಿತು. ಎರಡು ಮೂರು ವರ್ಷಗಳಲ್ಲಿ ಅನುದಾನ ಮುಗಿಯಿತು. ಅಭಯವಲಯ ಮುಗಿಯಲಿಲ್ಲ.

ಟೌನ್ಸ್‌ವಿಲ್‌ನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಗ್ಯಾರಿ ರಸ್ ಮತ್ತು ಫಿಲಿಪ್ಪೀನ್ಸ್‌ನ ವಿಜ್ಞಾನಿಗಳು 1983ರಿಂದ ಅಪೋದಲ್ಲಿ ಮೀನಿನ ಗಣತಿ ನಡೆಸುತ್ತಾ ಬಂದರು. ಅಲ್ಲಿನ ಮೀನುಗಾರಿಕೆಯಲ್ಲಿ ಮುಖ್ಯವಾದವು ಜ್ಯಾಕ್ ಜಾತಿಯ ಮೀನುಗಳು ಮತ್ತು ಸರ್ಜನ್ ಮೀನುಗಳು. ಬಾಲದ ಬುಡದಲ್ಲಿ ಶಸ್ತ್ರಚಿಕಿತ್ಸೆಯ ಚೂರಿಯಂಥ ಹರಿತವಾದ ಮುಳ್ಳು ಇರುವುದರಿಂದ ಎರಡನೆಯದಕ್ಕೆ ಆ ಹೆಸರು. ನನ್ನ ಶಸ್ತ್ರವೈದ್ಯ ಮಿತ್ರರು ಕ್ಷಮಿಸಬೇಕು. ಈ ಎರಡು ಗುಂಪುಗಳೇ ಅಪೋದ ಇಳುವರಿಯಲ್ಲಿ ಶೇಕಡ 40ರಿಂದ 75ರಷ್ಟು. 1983ರಿಂದ 2001ರವರೆಗಿನ 18 ವರ್ಷಗಳಲ್ಲಿ ಅಭಯವಲಯದೊಳಗೆ ಇವುಗಳ ಒಟ್ಟು ತೂಕ ಮೂರು ಪಟ್ಟಾಯಿತು. ಮೀನುಗಾರರು ಮತ್ತೆ ತಮ್ಮ ದ್ವೀಪದ ಬಳಿಯಲ್ಲೇ ಮೀನು ಹಿಡಿಯತೊಡಗಿದರು. ಮೀನನ್ನು ನೋಡಲು ಪ್ರವಾಸಿಗರು ಬಂದರು. ವಸತಿಗೃಹ, ದೋಣಿ ಬಾಡಿಗೆ, ಸಣ್ಣ ವ್ಯಾಪಾರಗಳಿಂದ ಹೊಸ ಆದಾಯದ ದಾರಿಗಳು ತೆರೆದವು.

ಮಾದರಿಯಿಂದ ಕಾನೂನಿಗೆ, ಕಾನೂನಿನಿಂದ ಯೋಜನೆಗೆ

ಅಪೋದ ಯಶಸ್ಸು ದೇಶದ ಕಣ್ಣು ತೆರೆಸಿತು. 1991ರ ಸ್ಥಳೀಯ ಸರ್ಕಾರ ಸಂಹಿತೆ ದಡದಿಂದ 15 ಕಿಲೋಮೀಟರ್ ವರೆಗಿನ ಸಮುದ್ರದ ನಿರ್ವಹಣೆಯನ್ನು ಪಟ್ಟಣಗಳ ಆಡಳಿತಕ್ಕೆ ಒಪ್ಪಿಸಿತು. 1992ರಲ್ಲಿ ಆಲ್ಕಾಲರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಅದೇ ವರ್ಷದಿಂದ 1995ರವರೆಗೆ ಅವರು ದೇಶದ ಪರಿಸರ ಸಚಿವರೂ ಆಗಿದ್ದರು. 1998ರ ಮೀನುಗಾರಿಕಾ ಸಂಹಿತೆ ಪಟ್ಟಣಗಳ ಸಮುದ್ರವ್ಯಾಪ್ತಿಯಲ್ಲಿ ಕನಿಷ್ಠ ಶೇಕಡ 15ರಷ್ಟನ್ನು ಅಭಯವಲಯವಾಗಿ ಇಡಬೇಕೆಂಬ ಗುರಿಯನ್ನು ಮುಂದಿಟ್ಟಿತು. ಊರೂರುಗಳಲ್ಲಿ ಅಭಯವಲಯಗಳು ಹುಟ್ಟಿ, ಅವುಗಳ ಸಂಖ್ಯೆ ಸಾವಿರವನ್ನು ದಾಟಿತು.

ಇದರೊಂದಿಗೆ ವಿದೇಶೀ ನೆರವಿನ ಪ್ರಮಾಣವೂ ಬೆಳೆಯಿತು. ಅಮೆರಿಕದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯ ಹಣದಿಂದ 1996ರಲ್ಲಿ ಕರಾವಳಿ ಸಂಪನ್ಮೂಲ ನಿರ್ವಹಣೆಯ ದೊಡ್ಡ ಯೋಜನೆ ಆರಂಭವಾಗಿ 2004ರವರೆಗೆ ನಡೆಯಿತು. ಅದರ ಬೆನ್ನಿಗೆ 2003ರಿಂದ 2010ರವರೆಗೆ ಮೀನುಗಾರಿಕೆಯ ಸುಧಾರಣೆಗೆಂದೇ ಮತ್ತೊಂದು ಯೋಜನೆ ನಾಲ್ಕು ಸಮುದ್ರಪ್ರದೇಶಗಳಲ್ಲಿ ಜಾರಿಯಾಯಿತು. ಅಲ್ಲಿನ ಮೀನಿನ ಸಂಪತ್ತನ್ನು ಶೇಕಡ 10ರಷ್ಟು ಹೆಚ್ಚಿಸಬೇಕೆಂಬುದು ಅದರ ಗುರಿ. ಒಂದು ಊರಿನ ಅಭಯವಲಯದಿಂದ ಮುಂದೆ ಹೋಗಿ, ಒಂದೇ ಕೊಲ್ಲಿಯನ್ನು ಹಂಚಿಕೊಂಡ ಹಲವು ಪಟ್ಟಣಗಳು ಕೂಡಿ ಕೆಲಸ ಮಾಡಬೇಕು, ದೋಣಿ ಮತ್ತು ಬಲೆಗಳ ನೋಂದಣಿಯಾಗಬೇಕು, ಮೀನು ಮೊಟ್ಟೆಯಿಡುವ ಕಾಲದಲ್ಲಿ ಬಿಡುವು ಕೊಡಬೇಕು ಎಂಬ ವಿಚಾರಗಳು ಇಂಥ ಯೋಜನೆಗಳಿಂದ ಗಟ್ಟಿಯಾದವು. ಮೀನು ಊರಿನ ಗಡಿ ನೋಡಿ ಈಜುವುದಿಲ್ಲವಾದ್ದರಿಂದ ಇದು ಅಗತ್ಯವಾದ ಹೆಜ್ಜೆಯೇ.

ಆದರೆ ಕಾಗದದ ಮೇಲೆ ಘೋಷಿಸಿದ ಅಭಯವಲಯಗಳೆಲ್ಲ ನೀರಿನಲ್ಲಿ ಜೀವಂತವಾಗಿರಲಿಲ್ಲ. ಯೋಜನೆ ಇರುವಷ್ಟು ದಿನ ಕಾವಲು ದೋಣಿಗೆ ಇಂಧನ ಇರುತ್ತದೆ, ಕಾವಲಿನವನಿಗೆ ಗೌರವಧನ ಇರುತ್ತದೆ, ಗಡಿ ತೋರಿಸುವ ತೇಲುಗುಂಡುಗಳು ಹೊಸದಾಗಿರುತ್ತವೆ. ಯೋಜನೆಯ ಕಚೇರಿ ಮುಚ್ಚಿದ ಮೇಲೆ ಆ ವೆಚ್ಚ ಯಾರ ಮುಂಗಡಪತ್ರದಲ್ಲಿ ಸೇರಿದೆ ಎಂಬುದೇ ಅಭಯವಲಯದ ಆಯುಷ್ಯವನ್ನು ನಿರ್ಧರಿಸುತ್ತದೆ. ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ ಇದು ನಮಗೆ ಹಳೆಯ ಪರಿಚಯ. ಒಂದೇ ರೋಗಕ್ಕೆಂದು ಬಂದ ನೆರವು ಆಸ್ಪತ್ರೆಯ ಅಂಗಳದಲ್ಲಿ ಹೊಸ ಕಟ್ಟಡ ನಿಲ್ಲಿಸುತ್ತದೆ. ಅದನ್ನು ನಡೆಸುವ ಶುಶ್ರೂಷಕಿಯ ಸಂಬಳ ಐದನೆಯ ವರ್ಷದಿಂದ ಎಲ್ಲಿಂದ ಬರಬೇಕು ಎಂದು ಕೇಳಿದವರು ಕಡಿಮೆ.

ಅಪೋದ ಎರಡು ಪರೀಕ್ಷೆಗಳು

ಅಪೋದ ಕಥೆಯನ್ನು ‘ಅಲ್ಲಿಂದ ಮುಂದೆ ಎಲ್ಲರೂ ಸುಖವಾಗಿದ್ದರು’ ಎಂದು ಮುಗಿಸಿದರೆ ಅದು ಇತಿಹಾಸವಾಗುವುದಿಲ್ಲ. ಆ ದ್ವೀಪ ಎರಡು ಕಠಿಣ ಪರೀಕ್ಷೆಗಳನ್ನು ಎದುರಿಸಿತು.

ಮೊದಲನೆಯದು ಸರ್ಕಾರದ ಮೆಚ್ಚುಗೆಯಿಂದ ಬಂದದ್ದು. 1994ರ ಆಗಸ್ಟ್‌ನಲ್ಲಿ ರಾಷ್ಟ್ರಾಧ್ಯಕ್ಷರ ಘೋಷಣೆಯೊಂದು ಅಪೋವನ್ನು ರಾಷ್ಟ್ರೀಯ ಸಂರಕ್ಷಿತ ಪ್ರದೇಶಗಳ ವ್ಯವಸ್ಥೆಗೆ ಸೇರಿಸಿತು. ಗೌರವವೇನೋ ದೊಡ್ಡದು. ಆದರೆ ತೀರ್ಮಾನದ ಅಧಿಕಾರ ಊರಿನ ಸಮಿತಿಯಿಂದ ಅಧಿಕಾರಿಗಳೂ ಇರುವ ಸಂರಕ್ಷಿತ ಪ್ರದೇಶ ಮಂಡಳಿಗೆ ಹೋಯಿತು. ಪ್ರವಾಸಿಗರಿಂದ ವಸೂಲಾದ ಶುಲ್ಕ ರಾಷ್ಟ್ರೀಯ ಖಜಾನೆಗೆ ಹೋಗಿ, ಅಲ್ಲಿಂದ ದ್ವೀಪದ ಪಾಲು ಮರಳಿ ಬರಬೇಕಾಗಿತ್ತು. ಮರಳುವ ಹೊತ್ತಿಗೆ ವಿಳಂಬ ಸಾಮಾನ್ಯವಾಯಿತು. ತಾವು ಕಟ್ಟಿ ಬೆಳೆಸಿದ್ದರಲ್ಲಿ ತಮ್ಮ ಮಾತಿಗೆ ತೂಕ ಕಡಿಮೆಯಾಯಿತೆಂಬ ಅಸಮಾಧಾನ ದ್ವೀಪವಾಸಿಗಳಲ್ಲಿ ಬೆಳೆಯಿತು. ಈ ಕೇಂದ್ರೀಕರಣ ತಪ್ಪು ತಿರುವಾಗಿತ್ತೇ ಎಂದು ಸಂಶೋಧಕರೂ ಪ್ರಶ್ನಿಸಿದರು. 2013ರಲ್ಲಿ ಕಾನೂನು ತಿದ್ದುಪಡಿಯಾಗಿ, ಆದಾಯದ ಶೇಕಡ 75ನ್ನು ಸಂರಕ್ಷಿತ ಪ್ರದೇಶದ ಮಂಡಳಿಯೇ ಉಳಿಸಿಕೊಳ್ಳಲು ಅವಕಾಶವಾಯಿತು. ಹಣ ಎಷ್ಟು ಎನ್ನುವುದರಷ್ಟೇ ಹಣ ಯಾವ ದಾರಿಯಲ್ಲಿ ಹರಿಯುತ್ತದೆ ಎನ್ನುವುದೂ ಮುಖ್ಯ ಎಂದು ಅರಿಯಲು ಸುಮಾರು ಎರಡು ದಶಕ ಬೇಕಾಯಿತು.

ಎರಡನೆಯ ಪರೀಕ್ಷೆ ಪ್ರಕೃತಿಯದು. 2011ರ ಡಿಸೆಂಬರ್‌ನಲ್ಲಿ ಒಂದು, 2012ರ ಡಿಸೆಂಬರ್‌ನಲ್ಲಿ ಇನ್ನೊಂದು, ಹೀಗೆ ಎರಡು ಚಂಡಮಾರುತಗಳು ಬೆನ್ನುಬೆನ್ನಿಗೆ ಬಂದು ಅಭಯವಲಯದ ಹವಳವನ್ನು ಬಹುತೇಕ ನೆಲಸಮ ಮಾಡಿದವು. ಮೂವತ್ತು ವರ್ಷ ಮನುಷ್ಯರಿಂದ ಕಾಪಾಡಿಕೊಂಡದ್ದನ್ನು ಅಲೆಗಳು ಒಂದು ವರ್ಷದ ಅಂತರದಲ್ಲಿ ಒಡೆದುಹಾಕಿದವು. ಕಾವಲಿನವರು ಸಿಡಿಮದ್ದನ್ನು ತಡೆಯಬಲ್ಲರು, ಬಿರುಗಾಳಿಯನ್ನಾಗಲಿ ಬಿಸಿಯಾಗುತ್ತಿರುವ ಸಮುದ್ರವನ್ನಾಗಲಿ ತಡೆಯಲಾರರು. ಆದರೆ ಮತ್ತೆ ಬೆಳೆಯುವ ಅವಕಾಶವನ್ನು ಹವಳಕ್ಕೆ ಕೊಡಬಲ್ಲರು. ಆ ಅವಕಾಶಕ್ಕಾಗಿ ಮತ್ತೆ ಹತ್ತು ಹದಿನೈದು ವರ್ಷ ಕಾಯುವ ತಾಳ್ಮೆ ಯೋಜನೆಗಳಿಗೆ ಇರುವುದಿಲ್ಲ; ಊರಿಗೆ ಮಾತ್ರ ಇರಲು ಸಾಧ್ಯ, ಏಕೆಂದರೆ ಅದು ಎಲ್ಲಿಗೂ ಹೋಗುವುದಿಲ್ಲ.

ನಮ್ಮ ಎರಡು ಕರಾವಳಿಗಳು

ನಾವೀಗ ವಾಸವಾಗಿರುವ ದೇಶದ ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 2004ರಲ್ಲಿ ಆಸ್ಟ್ರೇಲಿಯಾ ಗ್ರೇಟ್ ಬ್ಯಾರಿಯರ್ ರೀಫ್ ಸಾಗರ ಉದ್ಯಾನದಲ್ಲಿ ಮೀನು ಹಿಡಿಯಬಾರದ ವಲಯವನ್ನು ಶೇಕಡ 5ಕ್ಕಿಂತ ಕಡಿಮೆಯಿದ್ದದ್ದರಿಂದ ಸುಮಾರು 33ಕ್ಕೆ ಏರಿಸಿತು. ಇದರಿಂದ ನಷ್ಟಕ್ಕೊಳಗಾದ ಮೀನುಗಾರರಿಗೂ ಉದ್ಯಮಗಳಿಗೂ ಸರ್ಕಾರ ಕೊಟ್ಟ ಪರಿಹಾರ 20 ಕೋಟಿ ಡಾಲರನ್ನು ಮೀರಿತು. ಶ್ರೀಮಂತ ದೇಶ ತ್ಯಾಗಕ್ಕೆ ಬೆಲೆ ಕಟ್ಟಿ ಕೊಡಬಲ್ಲದು. ಅಪೋದ ಹದಿನಾಲ್ಕು ಕುಟುಂಬಗಳಿಗೆ ಅಂಥ ಪರಿಹಾರ ಯಾರೂ ಕೊಟ್ಟಿರಲಿಲ್ಲ. ಅವರು ತಮ್ಮ ಇಂದಿನ ಊಟದಲ್ಲಿ ಒಂದು ಪಾಲನ್ನು ನಾಳೆಯ ಮೇಲಿನ ನಂಬಿಕೆಗೆ ಒತ್ತೆಯಿಟ್ಟಿದ್ದರು.

ಹುಟ್ಟಿದ ನಾಡಿಗೂ ಹವಳಕ್ಕೂ ನಂಟಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಇನ್ನೂ ಹಿಂದಕ್ಕೆ ಹೋದರೆ, ಇಂದಿನ ಲಕ್ಷದ್ವೀಪದ ಉತ್ತರ ಭಾಗದ ಅಮೀನ್‌ದಿವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ನಮ್ಮ ರಾಜ್ಯೋತ್ಸವದ ದಿನವೇ ಅವು ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಆ ದ್ವೀಪಗಳ ತೆಂಗಿನ ನಾರು ಬರುತ್ತಿದ್ದದ್ದು ಮಂಗಳೂರಿನ ಬಂದರಿಗೆ. ಲಕ್ಷದ್ವೀಪದಲ್ಲಿ 1960ರ ದಶಕದಿಂದ ಮೀನುಗಾರಿಕಾ ಇಲಾಖೆ ಯಾಂತ್ರಿಕ ದೋಣಿಗಳಿಗೆ ನೆರವು ನೀಡಿ, ಮಿನಿಕಾಯ್ ದ್ವೀಪದವರ ಪಾರಂಪರಿಕ ಟ್ಯೂನಾ ಬೇಟೆಯನ್ನು ಇತರ ದ್ವೀಪಗಳಿಗೂ ಹರಡಿತು. ಗಾಳದ ಕೋಲಿನಿಂದ ಒಂದೊಂದಾಗಿ ಟ್ಯೂನಾ ಹಿಡಿಯುವ ಪದ್ಧತಿ ಅದು. ಜನರು ಹೊರಗಡಲಿನ ಟ್ಯೂನಾದತ್ತ ಹೋದದ್ದರಿಂದ ಹವಳದ ಮೀನುಗಳ ಮೇಲಿನ ಒತ್ತಡ ದಶಕಗಳ ಕಾಲ ಕಡಿಮೆಯಿತ್ತು. ಅಲ್ಲಿಯೂ ಸರ್ಕಾರದ ಹಣ ಫಲಿಸಿದ್ದು ದ್ವೀಪದವರಿಗೆ ಆಗಲೇ ಗೊತ್ತಿದ್ದ ಕೌಶಲದ ಬೆನ್ನ ಹಿಂದೆ ನಿಂತಾಗ.

ಇತಿಹಾಸ ಹೇಳುವ ಮಾತು

ಸುಮಿಲೋನ್ ಮತ್ತು ಅಪೋಗಳ ನಡುವಿನ ವ್ಯತ್ಯಾಸ ವಿಜ್ಞಾನದಲ್ಲಿರಲಿಲ್ಲ, ಹಣದ ಮೊತ್ತದಲ್ಲಿಯೂ ಇರಲಿಲ್ಲ. ‘ಇದು ಯಾರದು?’ ಎಂಬ ಪ್ರಶ್ನೆಗೆ ಊರವರು ಕೊಟ್ಟ ಉತ್ತರದಲ್ಲಿತ್ತು. ಸುಮಿಲೋನ್‌ನಲ್ಲಿ ಅಭಯವಲಯ ವಿಶ್ವವಿದ್ಯಾಲಯದ್ದೆಂದು ಜನ ತಿಳಿದರು. ಅಪೋದಲ್ಲಿ ಅದು ತಮ್ಮದೆಂದು ತಿಳಿದರು. ಹಾಗೆಂದು ಅನುದಾನ ವ್ಯರ್ಥವೆಂಬ ತೀರ್ಮಾನಕ್ಕೆ ಬರುವುದು ಅವಸರವಾದೀತು. ದ್ವೀಪದಲ್ಲಿ ಉಳಿದ ಕಾರ್ಯಕರ್ತರು, ಆರಂಭಿಕ ಸಮೀಕ್ಷೆ, ಸಮುದಾಯ ಕೇಂದ್ರ ಇವು ಯಾವುವೂ ಹಣವಿಲ್ಲದೆ ಆಗುತ್ತಿರಲಿಲ್ಲ. ವರ್ಷ ವರ್ಷವೂ ನಡೆದ ಗಣತಿಗೆ ಬೆಂಬಲವಿರದಿದ್ದರೆ ಅಪೋದ ಯಶಸ್ಸು ಒಂದು ಊರಿನ ಹೆಮ್ಮೆಯಾಗಿ ಉಳಿಯುತ್ತಿತ್ತೇ ಹೊರತು ಒಂದು ದೇಶದ ಕಾನೂನಿಗೆ ಆಧಾರವಾಗುತ್ತಿರಲಿಲ್ಲ. ಹಣ ನೀರಿನಂತೆ, ಬೀಜವಿದ್ದ ಕಡೆ ಬಿದ್ದರೆ ಬೆಳೆ, ಬರಿಯ ಬಂಡೆಯ ಮೇಲೆ ಸುರಿದರೆ ಹರಿದು ಹೋಗುತ್ತದೆ.

ಏಂಜಲ್ ಆಲ್ಕಾಲ 2014ರಲ್ಲಿ ತಮ್ಮ ದೇಶದ ‘ರಾಷ್ಟ್ರೀಯ ವಿಜ್ಞಾನಿ’ ಗೌರವ ಪಡೆದರು. 2023ರ ಫೆಬ್ರುವರಿಯಲ್ಲಿ, 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಪೋದ ಬಗ್ಗೆ ಬರೆಯುವವರು ಅವರ ಹೆಸರನ್ನು ಹೇಳುತ್ತಾರೆ. 1982ರ ಆ ಹದಿನಾಲ್ಕು ಕುಟುಂಬಗಳ ಹೆಸರನ್ನು ಹೇಳುವವರು ವಿರಳ. ಆದರೆ ಸರದಿಯ ಮೇಲೆ ದಡದಲ್ಲಿ ಕಾವಲು ಕುಳಿತವರು ಅವರು. ಮುಂದಿನ ಸಲ ನಮ್ಮ ಸಂಘದ ಯಾವುದಾದರೂ ಕೆಲಸಕ್ಕೆ ಅನುದಾನದ ಅರ್ಜಿ ತುಂಬುವಾಗ, ಎಷ್ಟು ಹಣ ಬೇಕು ಎಂಬ ಕಾಲಂಗೆ ಹೋಗುವ ಮುನ್ನ, ಸರದಿಯ ಕಾವಲಿಗೆ ನಮ್ಮಲ್ಲಿ ಯಾರು ಸಿದ್ಧರಿದ್ದೇವೆ ಎಂದು ಪರಸ್ಪರ ಕೇಳಿಕೊಳ್ಳುವುದು ಒಳ್ಳೆಯದು.